ಮಡಚುವ ಚಾಕುವೂ ಹಿಂಸಾದಾನದ ಪ್ರಶ್ನೆಯೂ

ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡವ್ರತವೂ ಒಂದು. ಪ್ರಯೋಜನವಿಲ್ಲದ ಪಾಪಕ್ರಿಯೆಗಳಿಂದ ದೂರವಿರುವುದೇ ಅದರ ತಿರುಳು. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡದ 5 ಭೇದಗಳನ್ನು ಹೇಳುವಾಗ ಹಿಂಸಾದಾನವನ್ನೂ ಎಣಿಸಿದ್ದಾರೆ. ಕೊಡಲಿ, ಖಡ್ಗ, ಗುದ್ದಲಿ, ಬೆಂಕಿ, ಸಂಕೋಲೆ ಮೊದಲಾದ ಹಿಂಸೆಯ ಸಾಧನಗಳನ್ನು ಪರರಿಗೆ ಕೊಡುವುದು ಹಿಂಸಾದಾನ. ಖಡ್ಗದ ವಿಷಯದಲ್ಲಿ ಯಾರಿಗೂ ಸಂಶಯವಿರಲಾರದು. ಆದರೆ ಗುದ್ದಲಿಯಿಲ್ಲದೆ ತೋಟವಿಲ್ಲ, ಬೆಂಕಿಯಿಲ್ಲದೆ ಅಡುಗೆಯಿಲ್ಲ. ಗೃಹಸ್ಥನು ಇವನ್ನು ಎಂದು ಕೊಡಬಹುದು, ಎಂದು ಕೊಡಬಾರದು?

ತುಮಕೂರಿನ ಸದಾಶಿವನಗರದಲ್ಲಿರುವ ಹಿರಿಯ ಶ್ರಾವಕರೊಬ್ಬರಿಗೆ ಈ ಪ್ರಶ್ನೆ ಎದುರಾದುದು ಅಂಗೈಯಲ್ಲಿ ಅಡಗುವಷ್ಟು ಸಣ್ಣ ವಸ್ತುವಿನಿಂದ. ಗುಬ್ಬಿಯ ಕಡೆ ಅವರಿಗೆ ತೆಂಗು ಅಡಕೆಯ ತೋಟವಿದೆ. ಬಾಳೆಲೆ ಕೊಯ್ಯಲು, ಗೋಣಿಚೀಲದ ದಾರ ಕತ್ತರಿಸಲು, ಹಣ್ಣು ಹೆಚ್ಚಲು ಅವರ ಜುಬ್ಬದ ಜೇಬಿನಲ್ಲಿ ಮಡಚುವ ಚಾಕುವೊಂದು ಬಹುಕಾಲದಿಂದ ಇದೆ. ಓದಿಗಾಗಿ ಬೆಂಗಳೂರಿನ ವಿದ್ಯಾರ್ಥಿನಿಲಯಕ್ಕೆ ಹೊರಟ ಮೊಮ್ಮಗ ಅದನ್ನು ಕೇಳಿದ.

“ತಾತ, ಇದನ್ನು ನನಗೆ ಕೊಡುತ್ತೀರಾ?”

“ಅಲ್ಲಿ ನಿನಗೆ ಏನು ಕೆಲಸಕ್ಕೆ ಬೇಕಪ್ಪ?”

“ಕೆಲಸಕ್ಕೆ ಅಂತಲ್ಲ ತಾತ, ಸುಮ್ಮನೆ ಜೇಬಿನಲ್ಲಿರಲಿ ಅಂತ.”

ಹುಡುಗನ ಆಸೆ ಅಸಹಜವಾದುದಲ್ಲ. ಆ ಚಾಕುವಿನ ರಚನೆಯೇ ಮನಸ್ಸನ್ನು ಸೆಳೆಯುವಂಥದು. ಬೀಟೆಮರದ ಹಿಡಿ, ಎರಡು ತುದಿಗೂ ಹಿತ್ತಾಳೆಯ ಕಟ್ಟು, ನಡುವೆ ಅಲಗು ಅಡಗುವ ಸೀಳು. ಅಲಗಿನ ಬೆನ್ನಿನ ಬಳಿ ಉಗುರು ಸಿಕ್ಕಿಸಲು ಕೊರೆದ ಒಂದು ಗೀರು. ಒಂದು ಕೈ ಹಿಡಿಯನ್ನು ಹಿಡಿಯಬೇಕು, ಇನ್ನೊಂದು ಕೈಯ ಉಗುರು ಅಲಗನ್ನು ಎಳೆಯಬೇಕು. ಹಿಡಿಯ ಬೆನ್ನಿನಲ್ಲಿರುವ ಉಕ್ಕಿನ ಪಟ್ಟಿ ಮೊದಲು ಪ್ರತಿಭಟಿಸಿ, ಕಡೆಗೆ ‘ಟಕ್’ ಎಂಬ ಸದ್ದಿನೊಡನೆ ಅಲಗನ್ನು ನಿಲ್ಲಿಸುತ್ತದೆ. ಬಳಸಿ ಬಳಸಿ ನುಣುಪಾದ ಮರ ಅಂಗೈಗೆ ಬೆಚ್ಚಗೆ ಒಗ್ಗುತ್ತದೆ. ಹಳೆಯ ಚಾಕುಗಳ ಹಿಡಿಗೆ ಕೊಂಬು, ಮೂಳೆ, ದಂತಗಳನ್ನು ಬಳಸುತ್ತಿದ್ದುದುಂಟು. ಜೈನರ ಮನೆಗೆ ಮರದ ಹಿಡಿಯೇ ಒಪ್ಪುವಂಥದು.

ಎರಡು ಕೈ ಬೇಡುವ ಈ ನಿಧಾನವನ್ನು ದೋಷವೆಂದು ತಿಳಿಯಬಾರದು. ಅಲಗು ಹೊರಬರುವ ಮುನ್ನ ‘ಏತಕ್ಕೆ?’ ಎಂದು ಕೇಳಿಕೊಳ್ಳಲು ಅಲ್ಲಿ ಒಂದು ಕ್ಷಣ ದೊರೆಯುತ್ತದೆ. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಪ್ರಮಾದದಿಂದ ಕೂಡಿದ ಪ್ರಾಣಹರಣವನ್ನೇ ಹಿಂಸೆಯೆಂದು ನಿರೂಪಿಸುತ್ತದೆ. ಹಿಂದಿ ಚಲನಚಿತ್ರಗಳ ಖಳರಿಂದ ಹೆಸರಾದ ರಾಂಪುರಿ ಚಾಕುವಿನಲ್ಲಿ ಜನ ಮೆಚ್ಚಿದ್ದು ಅಲಗು ಹೊರಚಿಮ್ಮುವ ವೇಗವನ್ನು; ವಿಚಾರಕ್ಕೆ ಬೇಕಾದ ಕ್ಷಣವನ್ನು ಆ ವೇಗ ಕಸಿದುಕೊಳ್ಳುತ್ತದೆ. ಫ್ರಾನ್ಸಿನ ಸವಾಯ್ ಪ್ರಾಂತದಲ್ಲಿ 1890ರಲ್ಲಿ ಹುಟ್ಟಿದ ಒಪಿನೆಲ್ ಚಾಕು ರೈತರ ಕೈಯ ಸಾಧನ. ಬಳಸುವವನ ಬೆರಳಿನ ಮೇಲೆ ಅಲಗು ಮಡಚಿಕೊಳ್ಳದಿರಲೆಂದು 1955ರಲ್ಲಿ ಅದಕ್ಕೆ ತಿರುಗಿಸುವ ಬಳೆಯೊಂದನ್ನು ಸೇರಿಸಿದರು. ನಮ್ಮ ದೇಶದ ಆಯುಧ ನಿಯಮಗಳೂ 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗನ್ನು ಆಯುಧವೆಂದು ಎಣಿಸುವಾಗ, ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಗಳಿಗೆಂದೇ ಮಾಡಿದವನ್ನು ಬಿಟ್ಟಿವೆ. ಹೀಗೆ ಕಾನೂನು ಕೂಡ ಅಳತೆಯ ಜೊತೆಗೆ ಉದ್ದೇಶವನ್ನು ಕೇಳುತ್ತದೆ.

ಮಡಚುವ ಅಲಗಿಗೂ ಧರ್ಮಕಾರ್ಯಕ್ಕೂ ಹಳೆಯ ನಂಟಿದೆ. ದಕ್ಷಿಣ ಭಾರತದಲ್ಲಿ ತಾಳೆಗರಿ ಬರೆಯುವವರು, ಬರೆಯುವ ಕಂಠ ಮತ್ತು ಗರಿಯನ್ನು ಒಪ್ಪವಾಗಿ ಕತ್ತರಿಸುವ ಅಲಗು ಎರಡೂ ಒಂದೇ ಹಿಡಿಯೊಳಗೆ ಮಡಚಿಕೊಳ್ಳುವ ಸಾಧನವನ್ನು ಬಳಸುತ್ತಿದ್ದರು. ತಮಿಳರು ಅದನ್ನು ‘ಮಡಕ್ಕೆಳುತ್ತಾಣಿ’ ಎಂದು ಕರೆದರು. 10ನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಗರಿ ಸವರುವ ಅಲಗಿಲ್ಲದೆ ಅಂಥ ಶಾಸ್ತ್ರದಾನ ನಡೆಯುವಂತಿರಲಿಲ್ಲ. ಶಸ್ತ್ರಕ್ಕೂ ಶಾಸ್ತ್ರಕ್ಕೂ ಬರವಣಿಗೆಯಲ್ಲಿ ಒಂದು ದೀರ್ಘದ ಅಂತರ. ಬಾಳಿನಲ್ಲಿ ಆ ಅಂತರವನ್ನು ನಿರ್ಧರಿಸುವುದು ಪ್ರಯೋಜನ ಮತ್ತು ಎಚ್ಚರ.

ಹಿರಿಯರು ಮೊಮ್ಮಗನ ಮಾತನ್ನು ಎರಡು ದಿನ ಮನಸ್ಸಿನಲ್ಲಿಟ್ಟುಕೊಂಡರು. ಹುಡುಗ ಹೇಳಿದ ‘ಸುಮ್ಮನೆ’ ಎಂಬ ಮಾತಿನಲ್ಲೇ ಅವರಿಗೆ ಉತ್ತರವಿತ್ತು. ಆಗಮದ ‘ಅನರ್ಥ’ಕ್ಕೆ ಮನೆಮಾತಿನ ಹೆಸರು ಅದೇ ಅಲ್ಲವೇ? ಸಿದ್ಧವಾದ ಊಟ ಬಡಿಸುವ ನಿಲಯದಲ್ಲಿ ಚಾಕುವಿಗೆ ಕೆಲಸವಿಲ್ಲ. ಕೆಲಸವಿಲ್ಲದ ಅಲಗು ಗೆಳೆಯರ ನಡುವೆ ಮೊದಲು ಆಟಿಕೆಯಾಗಿ, ಸಿಟ್ಟು ಬಂದ ದಿನ ಬೇರೊಂದಾಗಬಹುದು. ಅವರು ಚಾಕುವನ್ನು ಕೊಡಲಿಲ್ಲ. ಹುಡುಗ ಮುಖ ಸಣ್ಣದು ಮಾಡಿಕೊಂಡೇ ಹೊರಟ.

ಬೇಸಿಗೆಯ ರಜೆಯಲ್ಲಿ ಅವನು ತೋಟಕ್ಕೆ ಬಂದಾಗ ಅವರೇ ಕರೆದು ಚಾಕುವನ್ನು ಕೈಗಿತ್ತರು. ಮಾವಿನಹಣ್ಣನ್ನು ಕಚ್ಚದೆ ಸೀಳಿ, ಒಳಗೆ ಹುಳುವಿದೆಯೇ ಎಂದು ನೋಡುವುದನ್ನು ಕಲಿಸಿದರು. ಮೊಂಡು ಅಲಗು ಹೆಚ್ಚು ಬಲ ಬೇಡಿ ಜಾರುತ್ತದೆಂದು ಸಾಣೆ ಹಿಡಿಯುವುದನ್ನೂ ತೋರಿಸಿದರು. ಹಣ್ಣಿನ ರಸ ಹಿಡಿಯ ಸೀಳಿಗೆ ಇಳಿದರೆ ಇರುವೆಗಳು ಮುತ್ತುತ್ತವೆ; ನೋಡದೆ ಮಡಚಿದರೆ ಅವು ಅಲಗಿನ ಕೆಳಗೆ ಅರೆದುಹೋಗುತ್ತವೆ. “ತೆರೆಯುವಾಗ ನಿನ್ನ ಬೆರಳು ನೋಡಿಕೊ, ಮುಚ್ಚುವಾಗ ಇರುವೆ ನೋಡು” ಎಂದರು.

ಸಂಜೆ ಹುಡುಗ ಅಲಗನ್ನು ಒರೆಸಿ, ಸೀಳನ್ನು ಬೆಳಕಿಗೆ ಹಿಡಿದು ಇಣುಕಿ, ಒಂದು ಇರುವೆಯನ್ನು ಊದಿ ಹೊರಗೆ ಬಿಟ್ಟು, ಆಮೇಲೆ ಮಡಚಿದ. ಚಾಕು ಅವನ ಜೇಬಿಗೆ ಹೋಗದೆ ತಾತನ ಕೈಗೆ ಮರಳಿತು. ಮುಂದಿನ ರಜೆಯಲ್ಲಿ ಯಾರೂ ಹೇಳದೆ ಅವನು ಸೀಳನ್ನು ನೋಡಿಯೇ ಮಡಚಿದರೆ, ಆಗ ಕೊಟ್ಟುಬಿಡಬೇಕೆಂದು ಹಿರಿಯರು ನಿಶ್ಚಯಿಸಿದ್ದಾರೆ. ಮನೆಗಳಲ್ಲಿ ಮಕ್ಕಳಿಗೆ ಉಪಕರಣ ಕೊಡುವಾಗಲೂ, ಬಸದಿಯ ಅಡುಗೆಮನೆಗೆ ಸಮಿತಿಯವರು ಕತ್ತಿ ಚಾಕು ಒದಗಿಸುವಾಗಲೂ, ಯಾರ ಕೈಗೆ, ಯಾವ ಕೆಲಸಕ್ಕೆ ಎಂದು ಕೇಳಿಕೊಳ್ಳುವುದು ಉಚಿತ.