ಪರಸ್ಥಳದ ಪಂಕ್ತಿ

ಹಾಂಕಾಂಗ್ ನಗರದ ವಾನ್ ಚಾಯ್ ಪೇಟೆಯಲ್ಲಿ ಮಧ್ಯಾಹ್ನ ಊಟಕ್ಕೆ ಹೊರಟವನು ಬಹಳ ಹುಡುಕಬೇಕಾದುದಿಲ್ಲ. ಅಂಗಡಿಯ ಮುಂಭಾಗದ ಗಾಜಿನ ಹಿಂದೆ ಕಬ್ಬಿಣದ ಕೊಕ್ಕೆಗಳಿಂದ ಸಾಲಾಗಿ ತೂಗುತ್ತಿರುವ ಹೆಬ್ಬಾತುಗಳು, ಹದವಾಗಿ ಸುಟ್ಟು, ಮೆರುಗಿಟ್ಟ ಬೀಟೆಮರದ ಬಣ್ಣವನ್ನು ತಾಳಿ, ತಾವೇ ದಾರಿ ತೋರಿಸುತ್ತವೆ. ಕನ್ನಡನಾಡಿನಿಂದ ಕಾರ್ಯನಿಮಿತ್ತವಾಗಿ ಅಲ್ಲಿಗೆ ಹೋಗಿದ್ದ ಪ್ರವಾಸಿಗನೊಬ್ಬನು ಅಂತಹ ಅಂಗಡಿಯೊಂದರ ಮುಂದೆ ಸರದಿಯಲ್ಲಿ ನಿಂತನು. ವಯಸ್ಸು ಅರವತ್ತರ ಸಮೀಪ, ಅಲ್ಲಿಯ ಭಾಷೆ ಬಾರದು, ಜೊತೆಗಾರರಿಲ್ಲ, ಹಸಿವು ಮಾತ್ರ ಚೆನ್ನಾಗಿತ್ತು.

ಸರದಿಯು ಮೆಲ್ಲನೆ ಸಾಗುತ್ತಿದ್ದುದರಿಂದ ಗಾಜಿನಾಚೆಯ ಕೆಲಸವನ್ನು ನೋಡಲು ಬೇಕಾದಷ್ಟು ಅವಕಾಶವಾಯಿತು. ದುಂಡನೆಯ ಮರದ ಕೊರಡಿನ ಮೇಲೆ ಅಡಿಗೆಯವನು ಅಗಲವಾದ ಮಚ್ಚುಗತ್ತಿಯಿಂದ ಎಲುಬುಸಹಿತ ತುಂಡರಿಸಿ, ತುಂಡುಗಳನ್ನು ಕದಲದಂತೆ ಎತ್ತಿ ತಟ್ಟೆಗೆ ಇಡುತ್ತಿದ್ದನು. ಕಾಂಟನ್ ಸೀಮೆಯ ಈ ಪಾಕವು ಬಹಳ ಸೈರಣೆಯನ್ನು ಬೇಡುವಂತಹುದು. ಹಕ್ಕಿಯ ಒಡಲನ್ನು ಸಣ್ಣ ಸೀಳಿನ ಮೂಲಕ ಶುಚಿಮಾಡಿ, ಚಕ್ರಮೊಗ್ಗು, ಚಕ್ಕೆ, ಶುಂಠಿ, ಉಪ್ಪು, ಹುದುಗಿಸಿದ ಸೋಯಾಕಾಳಿನ ಹಿಟ್ಟು ಮೊದಲಾದುವನ್ನು ತುಂಬಿ ಸೀಳನ್ನು ಮುಚ್ಚುತ್ತಾರೆ. ಬಳಿಕ ಚರ್ಮಕ್ಕೂ ಮಾಂಸಕ್ಕೂ ನಡುವೆ ಗಾಳಿಯೂದಿ ಬಿಡಿಸಿ, ಕುದಿನೀರು ಹೊಯ್ದು, ಧಾನ್ಯದಿಂದ ತೆಗೆದ ಸಿಹಿಪಾಕಕ್ಕೆ ವಿನಿಗರ್ ಬೆರೆಸಿ ಬಳಿದು, ಗಂಟೆಗಟ್ಟಲೆ ಗಾಳಿಗೆ ಆರಿಸುತ್ತಾರೆ. ಒಲೆಯ ಸರದಿ ಬರುವುದು ಆಮೇಲೆ. ಆರದ ಚರ್ಮವು ಎಷ್ಟು ಸುಟ್ಟರೂ ಗರಿಗರಿಯಾಗದು. ಬೆಂದಾಗ ಒಡಲಲ್ಲಿ ನಿಂತ ರಸವನ್ನು ಚೆಲ್ಲದೆ ತೆಗೆದಿಟ್ಟು ತುಂಡುಗಳ ಮೇಲೆ ಹೊಯ್ದು ಬಡಿಸುತ್ತಾರೆ.

ಅವನ ಸರದಿ ಬಂದಿತು. ಪರಿಚಾರಿಕೆಯು ಒಂದು ಬೆರಳೆತ್ತಿ 'ಒಬ್ಬರೇ?' ಎಂಬಂತೆ ನೋಡಿ, ಆಗಲೇ ಮೂವರು ಉಣ್ಣುತ್ತಿದ್ದ ಚಿಕ್ಕ ಮೇಜೊಂದನ್ನು ತೋರಿಸಿದಳು. ಒಬ್ಬ ಮುದುಕ, ಕಛೇರಿಯ ಉಡುಪಿನ ಒಬ್ಬ ತರುಣಿ, ತೋಳಿಗೆ ಸಿಮೆಂಟಿನ ಧೂಳು ಮೆತ್ತಿದ ಒಬ್ಬ ಕೂಲಿಗಾರ, ಒಬ್ಬರಿಗೊಬ್ಬರು ಸಂಬಂಧಿಸಿದವರಲ್ಲ. ಅಪರಿಚಿತರು ಮೇಜನ್ನು ಹಂಚಿಕೊಳ್ಳುವುದು ಆ ನಗರದ ಹಳೆಯ ರೂಢಿ. ಕಾಂಟನೀಯರು ಅದನ್ನು 'ದಾಪ್ ತೊಯ್' ಎನ್ನುತ್ತಾರೆ. ಪ್ರವಾಸಿಗನು ಮಾತ್ರ ಕುಳಿತುಕೊಳ್ಳದೆ ನಿಂತೇ ಇದ್ದನು.

ಆ ಹಿಂಜರಿಕೆಗೆ ಹಳೆಯ ಕಾರಣವೊಂದಿತ್ತು. ಹತ್ತು ವರ್ಷದ ಬಾಲಕನಾಗಿದ್ದಾಗ ತನ್ನೂರಿನ ದೊಡ್ಡ ಮನೆಯೊಂದರ ಮದುವೆಯಲ್ಲಿ ಅವನು ತಿಳಿಯದೆ ಸಹಪಾಠಿಯ ಪಕ್ಕದ ಎಲೆಗೆ ಕುಳಿತಿದ್ದನು. ಅನ್ನ ಬಡಿಸಿಯಾಗಿತ್ತು. ಹಿರಿಯರೊಬ್ಬರು ಬಂದು, ಯಾರ ಮಗನೆಂದು ಕೇಳಿ ತಿಳಿದು, "ಏಳಪ್ಪಾ, ನಿಮ್ಮವರಿಗೆಲ್ಲ ಕೊಟ್ಟಿಗೆಯ ಹತ್ತಿರ ಎಲೆ ಹಾಕಿದೆ" ಎಂದರು. ಗದರಲಿಲ್ಲ, ಮೈ ಮುಟ್ಟಲೂ ಇಲ್ಲ. ಕೊಟ್ಟಿಗೆಯ ಬಳಿ ಕುಳಿತಿದ್ದ ತಂದೆಯು ಮಗನನ್ನು ನೋಡಿ, ಏನೆಂದೂ ಕೇಳದೆ, ಸರಿದು ಜಾಗ ಮಾಡಿಕೊಟ್ಟನು. ಅಸ್ಪೃಶ್ಯತೆಯನ್ನು ತೊಡೆದುಹಾಕಿದ ಸಂವಿಧಾನವು ಜಾರಿಗೆ ಬಂದುದು 1950ರಲ್ಲಿ. ಇದು ನಡೆದುದು ಅದಾಗಿ ಕಾಲುಶತಮಾನ ಕಳೆದ ಮೇಲೆ. ಅಂದಿನಿಂದ ಎಂತಹ ಕೂಟದಲ್ಲಿಯೂ ಅವನ ಕಣ್ಣು ಕೊನೆಯ ಜಾಗವನ್ನೇ ಹುಡುಕುವುದು.

ಇಲ್ಲಿ ಕೊನೆಯ ಜಾಗವೆಂಬುದೇ ಇರಲಿಲ್ಲ, ಮೇಜು ದುಂಡಗಿತ್ತು. ಮುದುಕನು ತಲೆಯೆತ್ತದೆ ತನ್ನ ಬಟ್ಟಲನ್ನು ನಾಲ್ಕು ಬೆರಳಿನಷ್ಟು ಸರಿಸಿದನು. ಪ್ರವಾಸಿಗನು ಕುಳಿತನು.

ಭೇದವೆಂಬುದು ಅಲ್ಲಿ ಇಲ್ಲವೇ ಇಲ್ಲವೆಂದಲ್ಲ. ತೊಡೆಯಿರುವ ಭಾಗಕ್ಕೆ ಎದೆಯ ಭಾಗಕ್ಕಿಂತ ಬೆಲೆ ಹೆಚ್ಚು. ತೊಡೆಗಳಲ್ಲಿಯೂ ಎಡದ್ದೇ ಮೃದುವೆಂದು ನಂಬುವ ರಸಿಕರುಂಟು. ಕೂಲಿಗಾರನ ಮುಂದೆ ಅನ್ನದ ಮೇಲೆ ನಾಲ್ಕೈದು ತುಂಡುಗಳಷ್ಟೇ ಇದ್ದುವು. ಬೆಲೆಯ ಪಟ್ಟಿಯನ್ನು ಓದಲಾರದೆ ಬೆರಳಿಟ್ಟು ತೋರಿಸಿದ ಪ್ರವಾಸಿಗನಿಗೆ ತೊಡೆಯೇ ಬಂದಿತು. ಚರ್ಮವು ಹಲ್ಲಿಗೆ ತಾಗಿದೊಡನೆ ಹಪ್ಪಳದಂತೆ ಮುರಿಯಿತು. ಅದರಡಿಯ ಕೊಬ್ಬು ಕರಗಿತು. ಮಾಂಸದಲ್ಲಿ ಚಕ್ರಮೊಗ್ಗಿನ ವಾಸನೆಯು ತೆಳುವಾಗಿ ಹರಡಿತ್ತು. ಜಿಡ್ಡು ಹೆಚ್ಚಾಯಿತೆಂದು ಅವನು ತಡೆದಾಗ ಮುದುಕನು ಪ್ಲಮ್ ಹಣ್ಣಿನ ಹುಳಿಸಿಹಿ ಗೊಜ್ಜಿನ ಬಟ್ಟಲನ್ನು ಅವನ ಕಡೆಗೆ ನೂಕಿದನು. ಆ ಉಪಕಾರಕ್ಕೆ ಬದಲಾಗಿ ಪ್ರವಾಸಿಗನು ಮುದುಕನ ಬಟ್ಟಲಿಗೆ ಚಹವನ್ನು ಬಗ್ಗಿಸಿದನು. ಮುದುಕನು ಎರಡು ಬೆರಳುಗಳಿಂದ ಮೇಜನ್ನು ಕುಟ್ಟಿದನು. ಸಾಕು, ದೂರವಿರು ಎಂಬ ಸೂಚನೆಯೆಂದು ಬಗೆದು ಇವನು ಕೈಯನ್ನು ಥಟ್ಟನೆ ಹಿಂದಕ್ಕೆಳೆದುಕೊಂಡನು.

ಅದು ಕೃತಜ್ಞತೆಯ ವಂದನೆಯೆಂದು ಸಂಜೆ ವಸತಿಗೃಹದವರು ಹೇಳಿದ ಮೇಲೆ ತಿಳಿಯಿತು. ಹದಿನೆಂಟನೆಯ ಶತಮಾನದ ಚಿಯೆನ್ ಲುಂಗ್ ಚಕ್ರವರ್ತಿಯು ಮಾರುವೇಷದಿಂದ ಸಂಚರಿಸುತ್ತಿದ್ದಾಗ ಸೇವಕನಿಗೆ ತಾನೇ ಚಹ ಎರೆದನಂತೆ. ಮಂಡಿಯೂರಿದರೆ ಗುಟ್ಟು ರಟ್ಟಾಗುವುದೆಂದು ಸೇವಕನು ಬೆರಳುಗಳನ್ನೇ ಮಡಿಸಿ ನಮಸ್ಕರಿಸಿದನೆಂದು ದಂತಕಥೆ. ಐವತ್ತು ವರ್ಷಗಳ ಅಭ್ಯಾಸವು ಒಂದು ನಮಸ್ಕಾರವನ್ನು ತಿರಸ್ಕಾರವೆಂದು ಓದಿತ್ತು.

ಕನ್ನಡದಲ್ಲಿ 'ಸೋಂಕು' ಎಂಬ ಪದಕ್ಕೆ ಮುಟ್ಟುವುದೆಂದೂ ರೋಗ ತಗಲುವುದೆಂದೂ ಎರಡರ್ಥಗಳುಂಟು. ರೋಗದ ಸೋಂಕಿಗೆ ಹೆದರಲು ಆ ನಗರಕ್ಕೆ ನಿಜವಾದ ಕಾರಣಗಳಿದ್ದುವು. 1996ರಲ್ಲಿ ನೆರೆಯ ಗ್ವಾಂಗ್‌ಡಾಂಗ್ ಪ್ರಾಂತದ ಹೆಬ್ಬಾತೊಂದರಲ್ಲಿ ಎಚ್5ಎನ್1 ಹಕ್ಕಿಜ್ವರದ ವಿಷಾಣುವನ್ನು ಗುರುತಿಸಿದರು. ಮರುವರ್ಷ ಆ ಜ್ವರವು ಹಾಂಕಾಂಗಿನ 18 ಜನರಿಗೆ ತಗಲಿ 6 ಜನರನ್ನು ಕೊಂದಿತು. ಹತ್ತು ಲಕ್ಷಕ್ಕೂ ಹೆಚ್ಚು ಕೋಳಿಗಳನ್ನು ನಾಶಪಡಿಸಬೇಕಾಯಿತು. 2003ರಲ್ಲಿ ಸಾರ್ಸ್ ರೋಗವು 299 ಜನರನ್ನು ಒಯ್ದಿತು. 2020ರಲ್ಲಿ ಕೊರೋನಾ ಬಂದಾಗ ಮೇಜೊಂದಕ್ಕೆ ನಾಲ್ವರು, ಕೆಲಕಾಲ ಇಬ್ಬರೇ, ಎಂದು ಸರ್ಕಾರವು ವಿಧಿಸಿತು. ರೋಗವು ಹಿಂದೆಗೆದ ಮೇಲೆ ಆ ವಿಧಿಯೂ ಹೋಯಿತು. ಮೇಜುಗಳು ಮತ್ತೆ ತುಂಬಿದುವು. ಅವನ ಊರಿನ ಸೋಂಕಿಗೆ ಯಾವ ವಿಷಾಣುವೂ ಇರಲಿಲ್ಲ. ಆದುದರಿಂದಲೇ ಅದು ಹಿಂದೆಗೆಯುವ ದಿನವನ್ನು ಯಾರೂ ಗೊತ್ತುಮಾಡಲಿಲ್ಲ.

ಮರುದಿನ ಅವನು ಮತ್ತೆ ಅದೇ ಅಂಗಡಿಗೆ ಹೋದನು. ಮುದುಕನು ಬಂದಿರಲಿಲ್ಲ. ಊಟದ ನಡುವೆ ಹೊಸಬನೊಬ್ಬನು, ಪರದೇಶದವನಂತೆ ತೋರುವ ಹುಡುಗ, ಮೇಜಿನ ಬಳಿ ಬಂದು ಅನುಮಾನಿಸುತ್ತಾ ನಿಂತನು. ಪ್ರವಾಸಿಗನು ಏನನ್ನೂ ಕೇಳದೆ, ಬಟ್ಟಲನ್ನು ಸರಿಸಿ, ಅವನಿಗೆ ಜಾಗ ಮಾಡಿಕೊಟ್ಟನು.