ಪುಣ್ಯಭೂಮಿಯ ಬಾಗಿಲಲ್ಲಿ

ಜಿದ್ದಾದಲ್ಲಿ ವಿಮಾನವಿಳಿದು ಪಾಸ್‌ಪೋರ್ಟ್ ತಪಾಸಣೆಯ ಸಾಲಿನಲ್ಲಿ ನಿಂತರೆ, ಇಹ್ರಾಮ್‌ನ ಬಿಳಿ ಬಟ್ಟೆ ತೊಟ್ಟ ಗಂಡಸರ ನಡುವೆ ಹೆಂಗಸರದೇ ಸಣ್ಣ ಗುಂಪುಗಳು ಈಗ ಕಾಣಸಿಗುತ್ತವೆ. ತಾಯಿ-ಮಗಳು, ಅಕ್ಕ-ತಂಗಿ, ನೆರೆಮನೆಯ ನಾಲ್ವರು. ಕೆಲವು ವರ್ಷಗಳ ಹಿಂದೆ ಈ ದೃಶ್ಯ ಅಪರೂಪ. 45 ವರ್ಷದೊಳಗಿನ ಮಹಿಳೆಗೆ ಗಂಡ ಅಥವಾ ಮಹ್ರಮ್ ಜೊತೆಗಿಲ್ಲದೆ ಉಮ್ರಾ ವೀಸಾ ಸಿಗುತ್ತಿರಲಿಲ್ಲ. 45 ದಾಟಿದವರು ಮನೆಯವರ ಒಪ್ಪಿಗೆ ಪತ್ರ ಹಿಡಿದು ಗುಂಪಿನೊಂದಿಗೆ ಹೋಗಬಹುದಿತ್ತು. ಗಂಡುದಿಕ್ಕಿಲ್ಲದ ಎಳೆಯ ವಿಧವೆಯರು ಆಸೆಯನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಕಿತ್ತು. ಸಂಬಂಧವೇ ಇಲ್ಲದ ಯಾರನ್ನೋ ಕಾಗದದಲ್ಲಿ ‘ಅಣ್ಣ’ನೆಂದು ಬರೆಸಿ ಕರೆದೊಯ್ಯುವ ಏಜೆಂಟರೂ ಇದ್ದರು. ಅಲ್ಲಾಹನ ಮನೆಗೆ ಹೋಗಲು ಸುಳ್ಳಿನ ಕಾಗದ!

2022ರ ಅಕ್ಟೋಬರ್‌ನಲ್ಲಿ ಸೌದಿಯ ಹಜ್ಜ್ ಮತ್ತು ಉಮ್ರಾ ಸಚಿವ ತೌಫೀಕ್ ಅಲ್ ರಬೀಅ ಅವರು, ಮಹ್ರಮ್ ಇಲ್ಲದೆಯೂ ಮಹಿಳೆಯರು ಬರಬಹುದೆಂದು ಪ್ರಕಟಿಸಿದರು. ನಮ್ಮ ದೇಶದ ಹಜ್ಜ್ ಸಮಿತಿ 2018ರಲ್ಲೇ 45 ದಾಟಿದ ನಾಲ್ವರ ಗುಂಪಿಗೆ ದಾರಿ ತೆರೆದಿತ್ತು. 2023ರಲ್ಲಿ ಹೀಗೆ ಮಹ್ರಮ್ ಇಲ್ಲದೆ ಹಜ್ಜ್‌ಗೆ ಹೊರಟ ಭಾರತೀಯ ಮಹಿಳೆಯರು 4 ಸಾವಿರಕ್ಕೂ ಹೆಚ್ಚು.

ಆದರೆ ಸಹೋದರಿಯರೇ, ವೀಸಾ ಕೊಡುವುದು ಸರಕಾರ. ಧರ್ಮಶಾಸ್ತ್ರದ ವಿಧಿ ಬೇರೆ. ಕಡ್ಡಾಯ ಹಜ್ಜ್‌ಗೆ ನಂಬಿಕಸ್ಥ ಮಹಿಳೆಯರ ಜೊತೆ ಹೋಗಬಹುದೆಂಬುದು ಶಾಫಿಈ ಅಭಿಪ್ರಾಯ. ಹನಫಿ ಮದ್ಹಬ್‌ನಲ್ಲಿ ಮಹ್ರಮ್‌ನ ಷರತ್ತು ಬಿಗಿಯಾಗಿದೆ. ಕರಾವಳಿಯ ಬ್ಯಾರಿ, ನವಾಯತ ಮನೆಗಳಿಗೂ ಘಟ್ಟದ ಮೇಲಿನ ಹನಫಿ ಮನೆಗಳಿಗೂ ಉತ್ತರ ಒಂದೇ ಆಗಲಿಕ್ಕಿಲ್ಲ. ಇದನ್ನು ಕೇಳಬೇಕಾದುದು ವಿದ್ವಾಂಸರಲ್ಲಿ, ಟ್ರಾವೆಲ್ಸ್‌ನವರಲ್ಲಿ ಅಲ್ಲ.

ಟ್ರಾವೆಲ್ಸ್‌ನವರಲ್ಲಿ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಇದು ಯಾವ ವೀಸಾ? ಒಂದು ಕಾಲದಲ್ಲಿ ಉಮ್ರಾ ವೀಸಾದವರು ಮಕ್ಕಾ, ಮದೀನಾ, ಜಿದ್ದಾ ಬಿಟ್ಟು ಕದಲುವಂತಿರಲಿಲ್ಲ. ಈಗ ರಿಯಾದ್‌ನಲ್ಲಿರುವ ಮಗಳ ಮನೆಗೂ ಹೋಗಿ ಬರಬಹುದು. ಪ್ರವಾಸಿ ವೀಸಾ, ಕುಟುಂಬ ಭೇಟಿ ವೀಸಾದವರೂ ಉಮ್ರಾ ಮಾಡಬಹುದು. ಆದರೆ ಈ ಯಾವ ವೀಸಾದಲ್ಲೂ ಹಜ್ಜ್ ಮಾಡುವಂತಿಲ್ಲ. ಹಜ್ಜ್‌ಗೆ ಮುಂಚೆ ಉಮ್ರಾದವರು ಹೊರಡಬೇಕಾದ ದಿನವನ್ನೂ ಪ್ರತಿವರ್ಷ ಪ್ರಕಟಿಸುತ್ತಾರೆ. “ಅಲ್ಲೇ ಉಳಿದು ಹಜ್ಜ್ ಮುಗಿಸಿ ಬನ್ನಿ, ಕಡಿಮೆ ಖರ್ಚು” ಎನ್ನುವವರನ್ನು ಬಾಗಿಲಿನಿಂದಲೇ ಕಳಿಸಿಬಿಡಿ. 2024ರ ಜೂನ್‌ನ ಹಜ್ಜ್‌ನಲ್ಲಿ, ಪಾರಾ 50 ಡಿಗ್ರಿ ದಾಟಿದ ಆ ಬಿಸಿಲಿನಲ್ಲಿ, 1,301 ಮಂದಿ ತೀರಿಕೊಂಡರು. ಅವರಲ್ಲಿ ನೂರಕ್ಕೆ 83 ಮಂದಿ ಪರವಾನಿಗೆ ಇಲ್ಲದೆ ಬಂದವರೆಂದು ಸೌದಿ ಸರಕಾರ ಹೇಳಿತು. ಪರವಾನಿಗೆ ಇಲ್ಲದವರಿಗೆ ತಂಪಾದ ಡೇರೆಯೂ ಇಲ್ಲ, ಬಸ್ಸೂ ಇಲ್ಲ; ಬಿಸಿಲಲ್ಲಿ ಮೈಲುಗಟ್ಟಲೆ ನಡೆಯಬೇಕು. 2025ರಲ್ಲಿ ಇಂಥವರಿಗೆ 20,000 ರಿಯಾಲ್‌ವರೆಗೆ ದಂಡ ಘೋಷಿಸಲಾಯಿತು.

ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. ಹಜ್ಜ್‌ಗಾದರೆ ಮೆನಿಂಜೈಟಿಸ್ ಲಸಿಕೆ ಕಡ್ಡಾಯ. ನಿದ್ದೆ ಮಾತ್ರೆ, ಬಲವಾದ ನೋವಿನ ಮಾತ್ರೆ ತೆಗೆದುಕೊಳ್ಳುವವರು ಅಲ್ಲಿನ ನಿಯಮ ಕೇಳಿಕೊಂಡು, ವೈದ್ಯರ ಚೀಟಿಯೊಂದಿಗೆ ಹೊರಡಬೇಕು. ಅಡುಗೆಮನೆಯಿಂದ ಕಟ್ಟಿಕೊಳ್ಳುವ ಡಬ್ಬಿಗಳನ್ನೂ ಒಮ್ಮೆ ನೋಡಿ: ಗಸಗಸೆ ಅಲ್ಲಿ ನಿಷಿದ್ಧ. ಮಸಾಲೆ ಪುಡಿಯಲ್ಲಿ ಬೆರೆತಿದ್ದರೂ ಅದನ್ನು ಮನೆಯಲ್ಲೇ ಬಿಡುವುದು ಲೇಸು.

ಇನ್ನು ಮದೀನಾ. ಪ್ರವಾದಿವರ್ಯರ(ಸ) ಮಸೀದಿಯ ರೌದಾದಲ್ಲಿ ನಮಾಝ್ ಮಾಡಲು ‘ನುಸುಕ್’ ಆ್ಯಪ್‌ನಲ್ಲಿ ಮೊದಲೇ ಸಮಯ ಕಾದಿರಿಸಬೇಕು. ಮಹಿಳೆಯರ ಸಮಯ ಬೇರೆ, ದಾರಿಯೂ ಬೇರೆ. ನಿಮ್ಮ ಪರವಾನಿಗೆ ಗಂಡನ ಫೋನ್‌ನಲ್ಲಿದ್ದು ಅವರು ಗಂಡಸರ ಭಾಗದಲ್ಲಿದ್ದರೆ, ಅಷ್ಟು ದೂರ ಹೋಗಿಯೂ ನೀವು ಬಾಗಿಲಲ್ಲೇ ನಿಲ್ಲಬೇಕಾದೀತು. ಆ ಆ್ಯಪ್ ನಿಮ್ಮ ಫೋನ್‌ನಲ್ಲೇ, ನಿಮ್ಮ ಪಾಸ್‌ಪೋರ್ಟ್ ಸಂಖ್ಯೆಯಲ್ಲೇ ಇರಲಿ.