ಎಂಜಿನಿನ ಜ್ವರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ - 2021ರಲ್ಲಿ ರಚನೆಗೊಂಡ ವಿಜಯನಗರ ಜಿಲ್ಲೆಗೆ ಸೇರಿದ ಈ ಐದು ತಾಲ್ಲೂಕುಗಳು ಬಿಸಿಲಿಗೂ ಹೆಸರಾದವು, ಜಾತ್ರೆಗಳಿಗೂ ಹೆಸರಾದವು. ಚಳಿಗಾಲ ಮುಗಿದು ಬಿಸಿಲು ಬಲಿಯತೊಡಗುವ ದಿನಗಳಲ್ಲೇ ಕೊಟ್ಟೂರಿನಲ್ಲಿ ಬಸವೇಶ್ವರನ ತೇರು ಸಾಗುತ್ತದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರಣಿಕದ ನುಡಿ ಕೇಳಲು ಲಕ್ಷಾಂತರ ಜನ ನೆರೆಯುತ್ತಾರೆ. ಹಿಂದೆ ಜನರು ಕಮಾನು ಕಟ್ಟಿದ ಎತ್ತಿನ ಗಾಡಿಯಲ್ಲಿ ಸಂಸಾರಸಮೇತ ಹೊರಡುತ್ತಿದ್ದರು. ಇಂದಿಗೂ ಹಾಗೆ ಬರುವವರುಂಟು. ಗಾಡಿಯ ಜಾಗಕ್ಕೆ ಕಾಲಕ್ರಮದಲ್ಲಿ ವ್ಯಾನು ಬಂದಿತು. ಪುಣೆಯಲ್ಲಿ ತಯಾರಾಗುತ್ತಿದ್ದ ಮ್ಯಾಟಡೋರ್ ಒಂದು ಕಾಲಕ್ಕೆ ಇಂಥ ಪ್ರಯಾಣಗಳ ಅಚ್ಚುಮೆಚ್ಚಿನ ವಾಹನವಾಗಿತ್ತು. ಒಲೆ, ಪಾತ್ರೆ, ಹಾಸಿಗೆ, ರೊಟ್ಟಿಯ ಗಂಟು ಎಲ್ಲವನ್ನೂ ಹೊತ್ತ ವ್ಯಾನು ಕೆಲವು ದಿನಗಳ ಮಟ್ಟಿಗೆ ಚಕ್ರದ ಮೇಲಿನ ಮನೆಯೇ ಆಗಿಬಿಡುತ್ತದೆ.

ಎತ್ತು ದಣಿದರೆ ಬಾಯಲ್ಲಿ ನೊರೆ ಕಾಣುತ್ತದೆ, ನಡೆ ಕುಂಟುತ್ತದೆ. ಯಂತ್ರದ ದಣಿವನ್ನು ತಿಳಿಸುವುದು ಚಾಲಕನ ಎದುರಿಗಿರುವ ಒಂದು ಸಣ್ಣ ಮುಳ್ಳು. ಅದು ಕೆಂಪು ಗೆರೆಯನ್ನು ಮುಟ್ಟಿದರೆ ಎಂಜಿನಿಗೆ ಜ್ವರ ಬಂದಿದೆಯೆಂದು ಅರ್ಥ. ಆದರೆ ಜ್ವರವೇ ರೋಗವಲ್ಲ. ಅದು ರೋಗದ ಸೂಚನೆ. ರೋಗ ಎಲ್ಲಿದೆಯೆಂದು ಕಂಡುಹಿಡಿಯುವುದೇ ನಿಜವಾದ ಕೆಲಸ.

ಎಂಜಿನು ಕಾಯುವುದೇಕೆ? ಅದರೊಳಗೆ ಇಂಧನ ಉರಿಯುವಾಗ ಸುಮಾರು 2000 ಡಿಗ್ರಿ ಸೆಲ್ಸಿಯಸ್‌ವರೆಗೂ ಉಷ್ಣತೆ ಏರುತ್ತದೆ. ಪಿಸ್ಟನ್ನುಗಳನ್ನು ಮಾಡುವ ಅಲ್ಯೂಮಿನಿಯಂ ಸುಮಾರು 660 ಡಿಗ್ರಿಯಲ್ಲೇ ಕರಗುತ್ತದೆ! ಇಂಧನದ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗ ಮಾತ್ರ ಚಕ್ರಗಳನ್ನು ತಿರುಗಿಸುತ್ತದೆ. ಮತ್ತೊಂದು ಭಾಗ ಹೊಗೆಯೊಡನೆ ಹೊರಟುಹೋಗುತ್ತದೆ. ಉಳಿದುದನ್ನು ಬಹುಮಟ್ಟಿಗೆ ನೀರು ಹೊತ್ತೊಯ್ಯಬೇಕು. ಪಂಪು ಈ ನೀರನ್ನು ಎಂಜಿನಿನ ಮೈಯೊಳಗೆ ಹರಿಸುತ್ತದೆ. ಕಾಯ್ದ ನೀರು ಮೇಲಿನ ರಬ್ಬರು ಕೊಳವೆಯಿಂದ ರೇಡಿಯೇಟರಿಗೆ ಬಂದು, ಅದರ ಸಣ್ಣ ನಳಿಕೆಗಳಲ್ಲಿ ಗಾಳಿಗೆ ತಣಿದು, ಕೆಳಗಿನ ಕೊಳವೆಯಿಂದ ಮರಳುತ್ತದೆ. ದಾರಿಯ ಬಾಗಿಲಲ್ಲಿ ಥರ್ಮೋಸ್ಟಾಟ್ ಎಂಬ ಕಾವಲುಗಾರನಿದ್ದಾನೆ. ಎಂಜಿನು ಹದವಾಗಿ ಕಾಯುವ ತನಕ, ಎಂದರೆ ಸುಮಾರು 80 ಡಿಗ್ರಿಯವರೆಗೆ, ಅವನು ಬಾಗಿಲನ್ನು ತೆರೆಯುವುದಿಲ್ಲ.

ಮೋಟಾರು ಹುಟ್ಟಿದಾಗ ಇಷ್ಟೊಂದು ಅನುಕೂಲವಿರಲಿಲ್ಲ. 1888ರಲ್ಲಿ ಜರ್ಮನಿಯ ಬರ್ಥಾ ಬೆಂಜ್ ಎಂಬ ಮಹಿಳೆ, ಪತಿ ಕಾರ್ಲ್ ಬೆಂಜ್ ನಿರ್ಮಿಸಿದ ಮೂರು ಚಕ್ರದ ವಾಹನದಲ್ಲಿ ಮಕ್ಕಳಿಬ್ಬರೊಡನೆ ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಸುಮಾರು 100 ಕಿಲೋಮೀಟರ್ ಪ್ರಯಾಣ ಮಾಡಿದಳು. ಆ ಎಂಜಿನಿನ ನೀರು ಆವಿಯಾಗಿ ಹೋಗುತ್ತಿದ್ದುದರಿಂದ ದಾರಿಯುದ್ದಕ್ಕೂ ನೀರು ಸಿಕ್ಕಲ್ಲೆಲ್ಲ ತುಂಬಿಸಿಕೊಳ್ಳಬೇಕಾಯಿತು. ಜಗತ್ತಿನ ಮೊದಲ ದೂರಪ್ರಯಾಣವೂ ನೀರಿನ ಚಿಂತೆಯಿಂದ ಬಿಡುಗಡೆ ಪಡೆದಿರಲಿಲ್ಲ.

ಕೊಟ್ಟೂರಿನಿಂದ ಹಡಗಲಿಯ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಹಳೆಯ ವ್ಯಾನು ನಿಂತಿದೆಯೆಂದು ಭಾವಿಸೋಣ. ಒಳಗೆ ಹನ್ನೊಂದು ಜನ. ಅವರ ನಡುವೆ ಹರಕೆ ಹೊತ್ತ ಒಬ್ಬ ವೃದ್ಧೆ. ಸಂಜೆಯ ಕಾರಣಿಕಕ್ಕೆ ಮೈಲಾರವನ್ನು ತಲಪಲೇಬೇಕು. ಮುಳ್ಳು ಕೆಂಪಿಗೆ ಏರಿದೆ, ಮುಂಭಾಗದಿಂದ ಆವಿ ಬುಸುಗುಟ್ಟುತ್ತಿದೆ. ಅವಸರಗೊಂಡ ತರುಣ ಚಾಲಕ ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕುತ್ತಾನೆ. ಸಮೀಪದ ಶೆಡ್ಡಿನಿಂದ ಬಂದ ಮುದುಕ ಮೇಸ್ತ್ರಿ ಕೂಗುತ್ತಾನೆ:

"ತಮ್ಮಾ, ಕೈ ತಗಿ! ಅದು ಕುಕ್ಕರ್ ಇದ್ದಂಗ. ಒಳಗಿನ ಸಿಟ್ಟು ಇಳೀಲಿ."

ಆ ಮಾತು ಅಕ್ಷರಶಃ ನಿಜ. ತೆರೆದ ಪಾತ್ರೆಯ ನೀರು 100 ಡಿಗ್ರಿಯಲ್ಲಿ ಕುದಿದರೆ, ಮುಚ್ಚಳದ ಒತ್ತಡಕ್ಕೆ ಒಳಗಾದ ನೀರು 110 ಡಿಗ್ರಿ ದಾಟಿದರೂ ಕುದಿಯದೆ ನಿಲ್ಲಬಲ್ಲದು. ಮುಚ್ಚಳ ತೆಗೆದೊಡನೆ ಒತ್ತಡ ಕುಸಿದು, ನೀರು ಒಮ್ಮೆಲೇ ಕುದಿದು ಚಿಮ್ಮಿ, ಕೈ ಮುಖಗಳನ್ನು ಸುಟ್ಟುಬಿಡುತ್ತದೆ. ಕೆಂಪಗೆ ಕಾಯ್ದ ಎಂಜಿನಿಗೆ ತಣ್ಣೀರು ಸುರಿಯುವುದೂ ಅಷ್ಟೇ ಅಪಾಯಕರ. ಲೋಹ ಬಿರುಕು ಬಿಡಬಹುದು. ತಾಳಿದವನು ಬಾಳಿಯಾನು ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ.

ಕಾಯುವ ಆ ಹೊತ್ತನ್ನು ಮೇಸ್ತ್ರಿ ವ್ಯರ್ಥಗೊಳಿಸುವುದಿಲ್ಲ. ವೈದ್ಯನು ನಾಡಿ ಹಿಡಿಯುವ ಮುನ್ನ ರೋಗಿಯನ್ನು ಮಾತನಾಡಿಸುವಂತೆ ಅವನು ಕೇಳುತ್ತಾನೆ:

"ಗಾಡಿ ನಿಂತಾಗ ಕಾಯತೈತೋ, ಏರಿನ್ಯಾಗ ಕಾಯತೈತೋ?"

"ಏರಿನ್ಯಾಗ, ಅಜ್ಜಾ. ನಿಂತು ಸುಧಾರಿಸಿಕೊಂಡ್ರ ಮುಳ್ಳು ಇಳಿತೈತಿ."

"ಮುಂಜಾನೆ ಹೊಂಟಾಗ?"

"ಭಾಳ ಹೊತ್ತು ಮುಳ್ಳು ಮ್ಯಾಲ ಏಳಲೇ ಇಲ್ರಿ. ಹೋದ ವರ್ಷ ಹಿಂಗ ಕಾಯ್ತೈತೆಂದು ಥರ್ಮೋಸ್ಟಾಟ್ ಕಿತ್ತು ಒಗದಾರ."

ಈ ಎರಡು ಉತ್ತರಗಳಲ್ಲಿ ಅರ್ಧ ರೋಗ ಬಯಲಾಯಿತು. ನಿಂತಾಗ ಮಾತ್ರ ಕಾಯುವ ಎಂಜಿನಿನಲ್ಲಿ ಸಂಶಯ ಮೊದಲು ಫ್ಯಾನಿನ ಮೇಲೆ, ಅದರ ಬೆಲ್ಟಿನ ಮೇಲೆ ಹೋಗಬೇಕು; ಏಕೆಂದರೆ ವಾಹನ ಓಡುವಾಗ ಗಾಳಿ ತಾನಾಗಿಯೇ ನುಗ್ಗುತ್ತದೆ. ಭಾರ ಹೊತ್ತು ಏರುವಾಗ ಕಾಯುವುದಾದರೆ, ನೀರು ಸಾಕಷ್ಟು ಹರಿಯುತ್ತಿಲ್ಲ ಅಥವಾ ತಣಿಯುತ್ತಿಲ್ಲ. ಹೊರಟ ಕೆಲವೇ ನಿಮಿಷಗಳಲ್ಲಿ ಕಾಯ್ದರೆ ನೀರು ಕಡಿಮೆಯಿರಬಹುದು, ಇಲ್ಲವೆ ಥರ್ಮೋಸ್ಟಾಟ್ ಮುಚ್ಚಿದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರಬಹುದು.

ಎಂಜಿನು ನಿಂತಿರುವಾಗಲೇ ಮೇಸ್ತ್ರಿ ಒಂದೊಂದನ್ನೇ ಪರೀಕ್ಷಿಸುತ್ತಾನೆ. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ಬಿಗಿ ನೋಡುತ್ತಾನೆ. ಕೊಳವೆಗಳನ್ನು, ಅವುಗಳ ಕ್ಲಿಪ್ಪುಗಳನ್ನು, ಪಂಪಿನ ಕೆಳಭಾಗವನ್ನು ಸೋರಿಕೆಗಾಗಿ ನೋಡುತ್ತಾನೆ. ಆಯಿಲ್ ಕಡ್ಡಿಯನ್ನು ಎಳೆದು ಬೆಳಕಿಗೆ ಹಿಡಿಯುತ್ತಾನೆ: ಎಣ್ಣೆ ಹಾಲುಬಣ್ಣಕ್ಕೆ ತಿರುಗಿದ್ದರೆ, ಸೈಲೆನ್ಸರಿನಿಂದ ಬಿಳಿಯ ಹೊಗೆ ನಿಲ್ಲದೆ ಬರುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಸುಟ್ಟು ನೀರು ಎಂಜಿನಿನ ಒಳಗೇ ಸೇರುತ್ತಿದೆಯೆಂದು ತಿಳಿಯಬೇಕು. ಇಲ್ಲಿ ಹಾಗಾಗಿರಲಿಲ್ಲ. ಕೊನೆಗೆ ಅವನು ರೇಡಿಯೇಟರಿನ ಮೈಮೇಲೆ ಜಾಗರೂಕತೆಯಿಂದ ಅಂಗೈ ಆಡಿಸಿದ. ಮೇಲ್ಭಾಗ ಇನ್ನೂ ಬಿಸಿ. ಕೆಳಗೆ ಒಂದು ಬದಿ ಮಾತ್ರ ತಣ್ಣಗೆ. ಅಲ್ಲಿಗೆ ನೀರು ಹರಿಯುತ್ತಲೇ ಇರಲಿಲ್ಲ.

ಮುಚ್ಚಳದ ಮೇಲೆ ದಪ್ಪ ಬಟ್ಟೆ ಹಾಸಿ, ನಿಧಾನವಾಗಿ ತಿರುಗಿಸಿ ತೆರೆದಾಗ ಕಾರಣ ಕಣ್ಣಿಗೆ ಬಿತ್ತು. ಒಳಗೆಲ್ಲ ಬಿಳಿಯ ಪಕ್ಕು. ನೀರು ಕಾಯಿಸುವ ಹಂಡೆಯ ಒಳಮೈಗೆ ಹತ್ತುವ ಪಕ್ಕು ಅದೇ. ಕೊಳವೆಬಾವಿಯ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಕಾಯಿಸಿದಷ್ಟೂ ಅವು ಬೇರ್ಪಟ್ಟು ಸಣ್ಣ ನಳಿಕೆಗಳನ್ನು ಕಟ್ಟಿಬಿಡುತ್ತವೆ. ಹೊರಗಡೆ ರೇಡಿಯೇಟರಿನ ಮುಖಕ್ಕೆ ಜೋಳದ ಹೊಟ್ಟು ಮೆತ್ತಿತ್ತು. ಸುಗ್ಗಿಯಲ್ಲಿ ರಸ್ತೆಯ ಮೇಲೆ ಹರಡಿದ ತೆನೆಗಳನ್ನು ವಾಹನಗಳು ತುಳಿದು ಹೋಗುವಾಗ ಹಾರಿದ ಹೊಟ್ಟು ಅದು. ಒಳಗೆ ನೀರಿಗೆ ದಾರಿಯಿಲ್ಲ, ಹೊರಗೆ ಗಾಳಿಗೆ ದಾರಿಯಿಲ್ಲ!

ಹಾಗಾದರೆ ಥರ್ಮೋಸ್ಟಾಟ್ ಮಾಡಿದ ತಪ್ಪೇನು? ಏನೂ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಅದನ್ನು ಕಿತ್ತುಹಾಕಲಾಗಿತ್ತು. ಅದರಿಂದ ಮುಂಜಾನೆ ಎಂಜಿನು ಹದಕ್ಕೆ ಬರಲು ತಡವಾಯಿತು; ಇಂಧನ ಹೆಚ್ಚು ಉರಿಯಿತು, ಸವೆತವೂ ಹೆಚ್ಚಿತು. ನಿಜವಾದ ರೋಗ ಒಂದು ವರ್ಷ ಸದ್ದಿಲ್ಲದೆ ಬೆಳೆಯಿತು.

ಮೇಸ್ತ್ರಿ ಎಂಜಿನಿನ ಕಡೆಯಿಂದ ಹೊರಮುಖವಾಗಿ ನೀರು ಹಾಯಿಸಿ ಹೊಟ್ಟನ್ನು ತೊಳೆದ. ಎಂಜಿನು ಚೆನ್ನಾಗಿ ತಣಿದ ಮೇಲೆ ನೀರು ತುಂಬಿಸಿದ. ನಿಧಾನವಾಗಿ ಹೋಗಿರೆಂದೂ, ಮುಳ್ಳು ಏರಿದರೆ ನಿಲ್ಲಿಸಿರೆಂದೂ ಹೇಳಿದ. ಜಾತ್ರೆ ಮುಗಿದೊಡನೆ ರೇಡಿಯೇಟರನ್ನು ಬಿಚ್ಚಿ ಶುದ್ಧಿ ಮಾಡಿಸಿ, ಹೊಸ ಥರ್ಮೋಸ್ಟಾಟ್ ಹಾಕಿಸಿ, ಬಟ್ಟಿ ಇಳಿಸಿದ ನೀರಿನೊಡನೆ ಕೂಲೆಂಟ್ ಬೆರೆಸಿ ತುಂಬಿಸಬೇಕೆಂದು ವಿಧಿಸಿದ. ಕೂಲೆಂಟ್ ಚಳಿಯ ದೇಶಗಳಿಗೆ ಮಾತ್ರ ಬೇಕಾದುದೆಂಬ ನಂಬಿಕೆ ಸರಿಯಲ್ಲ. ಅದು ನೀರಿನ ಕುದಿಬಿಂದುವನ್ನು ಏರಿಸುತ್ತದೆ, ತುಕ್ಕನ್ನು ತಡೆಯುತ್ತದೆ.

ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ "ಸದ್ದಲೇ" ಎಂದು ಕೂಗಿದಾಗ ಅಷ್ಟು ದೊಡ್ಡ ಜನಸಾಗರ ಮೌನವಾಗುತ್ತದೆ. ಆ ಬಳಿಕವೇ ಕಾರಣಿಕದ ನುಡಿ ಕೇಳಿಸುತ್ತದೆ. ಯಂತ್ರದ ನುಡಿಯೂ ಅಂಥದೇ. ಅವಸರದ ಗದ್ದಲ ಅಡಗಿಸಿ, ಕೇಳಬೇಕಾದುದನ್ನು ಕೇಳಿ, ನೋಡಬೇಕಾದುದನ್ನು ಕ್ರಮವಾಗಿ ನೋಡುವವನಿಗೆ ಮಾತ್ರ ಅದು ತನ್ನ ನೋವನ್ನು ಹೇಳಿಕೊಳ್ಳುತ್ತದೆ. ಸೂಚನೆಯನ್ನು ಅಡಗಿಸುವುದು ಸುಲಭ, ಕಾರಣವನ್ನು ಅರಸುವುದು ಕಷ್ಟ. ಆದರೆ ದಾರಿ ಸಾಗುವುದು ಎರಡನೆಯದರಿಂದಲೇ.